ಬೋರ್ಡ್ ಹೊಸತು, ವೈರ್ ಅಜ್ಜನ ಕಾಲದ್ದು

ಎಲ್ರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿ ಆಯ್ತು. ಉಡುಪಿ, ಮಂಗಳೂರು ಸೈಡಲ್ಲಿ ಮನೆ ವೈರಿಂಗ್ ಮಾಡ್ತಾ ಬಂದವ ನಾನು, ಹಳೇ ಮನೆಯವ್ರು ನನ್ನ ಹತ್ರ ಜಾಸ್ತಿ ಕೇಳುದು ಒಂದೇ ಪ್ರಶ್ನೆ, "ಹಳೇ ಫ್ಯೂಸ್ ಬೋರ್ಡ್ ತೆಗ್ದು ಎಂಸಿಬಿ ಹಾಕಿ ಕೊಡಿ, ವೈರ್ ಹಾಗೇ ಇರ್ಲಿ, ಆಗ್ತದಲ್ವಾ?" ಎಂಸಿಬಿ ಅಂದ್ರೆ ಕರೆಂಟು ಜಾಸ್ತಿಯಾದ್ರೆ ತಾನೇ ಆಫ್ ಆಗುವ ಸ್ವಿಚ್. ಕೆಲವು ವೈರ್ ಇಡ್ಬಹುದು, ಕೆಲವು ಇಡ್ಲಿಕ್ಕೇ ಇಲ್ಲ. ಯಾವ್ದು ಇಡುದು ಯಾವ್ದು ತೆಗಿಯುದು ಅಂತ ಹೊಸ ಬೋರ್ಡ್ ಗೋಡೆಗೆ ಕೂರಿಸುವ ಮೊದ್ಲೇ ನೋಡ್ಬೇಕು, ಇವತ್ತು ಇಷ್ಟನ್ನೇ ಹೇಳ್ಲಿಕ್ಕೆ ಬಂದದ್ದು ನಾನು.

ಮಲ್ಪೆ ಹತ್ರ ಒಂದು ಹಂಚಿನ ಮನೆ, ಮುರಕಲ್ಲಿನ ಗೋಡೆ, ಅಟ್ಟದ ಪಕ್ಕಾಸಿಗೆ ಮರದ ಪಟ್ಟಿ ಹೊಡ್ದು ಅದ್ರ ಮೇಲೆ ಎಳ್ದ ವೈರಿಂಗ್. ಹೊರಗಿಂದ ನೋಡಿದ್ರೆ ಎಂತ ತೊಂದ್ರೆಯೂ ಇಲ್ಲ, ಸಾಲಾಗಿ ಕ್ಲಿಪ್ ಹೊಡ್ದು ಚಂದ ಮಾಡಿದ್ದಾರೆ. ನಾನು ಮೈನ್ ಆಫ್ ಮಾಡಿ ಸ್ವಿಚ್ ಬೋರ್ಡಿನ ಹಿಂದಿನ ವೈರನ್ನು ಸ್ವಲ್ಪ ಬಗ್ಗಿಸಿದೆ ಅಷ್ಟೇ, ಮೇಲಿನ ಹತ್ತಿಯ ನೂಲು ಹಾಗೇ ಉಳೀತು, ಒಳಗಿನ ರಬ್ಬರ್ ಪುಡಿ ಪುಡಿಯಾಗಿ ಅಂಗೈಗೆ ಉದುರ್ತು, ಕಪ್ಪು ಪುಡಿ, ಕಾಫಿ ಪುಡಿ ಇದ್ದ ಹಾಗೆ, ತಾಮ್ರ ಬೆತ್ತಲೆ. ಅಷ್ಟು ವರ್ಷ ಅದನ್ನು ಯಾರೂ ಅಲ್ಲಾಡಿಸಿರ್ಲಿಲ್ಲ, ಹಾಗಾಗಿ ನಡೀತಿತ್ತು. ಬೋರ್ಡ್ ಬದಲಾಯಿಸುವಾಗ ಪ್ರತಿಯೊಂದು ವೈರನ್ನೂ ಬಿಚ್ಚಿ, ಎಳ್ದು, ಬಗ್ಗಿಸಿಯೇ ಹೊಸ ಟರ್ಮಿನಲ್‌ಗೆ ಹಾಕ್ಬೇಕು ನೋಡಿ, ನಿನ್ನೆವರೆಗೆ ಸುಮ್ಮನಿದ್ದ ವೈರ್ ಒಡಿಯುದು ಆವಾಗ್ಲೇ.

ಇನ್ನು ಎಂಸಿಬಿ. ಎಂಸಿಬಿ ಇರುದು ಫ್ರಿಜ್ಜು ಗೀಸರ್ ಕಾಪಾಡ್ಲಿಕ್ಕೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ಅದು ಇರುದು ವೈರ್ ಕಾಪಾಡ್ಲಿಕ್ಕೆ. ಹಳೇ ಮನೆಯಲ್ಲಿ ಲೈಟು ಫ್ಯಾನಿಗೆ ಎಳ್ದದ್ದು 3/22 ವೈರ್, ಅಂದ್ರೆ 22 ಗೇಜಿನ 3 ಎಳೆ, ಇವತ್ತಿನ ಲೆಕ್ಕದಲ್ಲಿ ಸುಮಾರು 1.2 ಸ್ಕ್ವೇರ್ ಎಂಎಂ. ಅದಕ್ಕೆ 6 ಆಂಪ್ ಎಂಸಿಬಿ ಸರಿ. ಆದ್ರೆ ಮನೆಯವ್ರು ಅದೇ ಲೈನಿಂದ ಬಾತ್‌ರೂಮಿಗೆ 2 ಕಿಲೋವ್ಯಾಟ್ ಗೀಸರ್ ಹಾಕಿರ್ತಾರೆ, 230 ವೋಲ್ಟಿಗೆ ಅದೊಂದೇ 8.7 ಆಂಪ್ ಎಳೀತದೆ. ಎಂಸಿಬಿ ಟ್ರಿಪ್ ಆಗ್ತದೆ, ಆಗ್ಲೇ ಬೇಕು. ಆವಾಗ ಯಾರೋ ಬಂದು ಅದನ್ನು ತೆಗ್ದು 20 ಹಾಕ್ತಾರೆ, ಅದೂ ಬಿದ್ರೆ 32 ಹಾಕ್ತಾರೆ, ಈಗ ಟ್ರಿಪ್ ಆಗುದಿಲ್ಲ, ಮನೆಯವ್ರಿಗೆ ಸಮಾಧಾನ. ಮೊದ್ಲು ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತುತ್ತಿದ್ದದ್ದೂ ಇದೇ ಕೆಲಸ. ಕರೆಂಟು ಎರಡು ಪಟ್ಟಾದ್ರೆ ಬಿಸಿ ನಾಲ್ಕು ಪಟ್ಟಾಗ್ತದೆ ಮಾರಾಯ್ರೆ, ಆ ಬಿಸಿ ಒಣಗಿದ ಮರದ ಪಟ್ಟಿಯ ಮೇಲೆ ಕೂತ ವೈರಿನಲ್ಲಿ. ಗೀಸರಿಗೆ ಬೋರ್ಡಿಂದಲೇ ಬೇರೆ 2.5 ಅಥವಾ 4 ಸ್ಕ್ವೇರ್ ಎಂಎಂ ಲೈನ್ ಎಳೀರಿ, ಇದರಲ್ಲಿ ಮಾತ್ರ ಚೌಕಾಶಿ ಬೇಡ.

ಆರ್‌ಸಿಸಿಬಿ ವಿಷಯದಲ್ಲಿ ನನಗೆ ತುಂಬಾ ಬೇಜಾರುಂಟು. ಹೋಗುವ ಕರೆಂಟು, ವಾಪಸ್ ಬರುವ ಕರೆಂಟು, ಎರಡನ್ನೂ ಅದು ಹೋಲಿಸ್ತಾ ಇರ್ತದೆ, 30 ಮಿಲಿಆಂಪ್ ವ್ಯತ್ಯಾಸ ಬಂತು ಅಂದ್ರೆ ಕಟ್ ಮಾಡ್ತದೆ, ಮನುಷ್ಯನ ಮೈಯಿಂದ ನೆಲಕ್ಕೆ ಕರೆಂಟು ಹೋದ್ರೂ ಕಟ್ ಮಾಡ್ತದೆ. ಹಳೇ ಮನೆಗೆ ಹಾಕಿದ ದಿನವೇ ಅದು ಆನ್ ಆಗಿ ನಿಲ್ಲುದಿಲ್ಲ, ಯಾಕಂದ್ರೆ ಮೆಟ್ಟಿಲಿನ ಲೈಟಿಗೆ ಫೇಸ್ ಕೆಳಗಿಂದ, ನ್ಯೂಟ್ರಲ್ ಮೇಲಿನ ಮಾಳಿಗೆಯಿಂದ ತಗೊಂಡಿರ್ತಾರೆ, ಎರಡು ಮಾಳಿಗೆಗೂ ಬೇರೆ ಬೇರೆ ಆರ್‌ಸಿಸಿಬಿ ಇದ್ರೆ ಆ ಒಂದು ಬಲ್ಬ್ ಹಾಕಿದ ಕೂಡ್ಲೇ ಎರಡೂ ಲೆಕ್ಕ ತಪ್ತವೆ. ಇಲ್ಲಾಂದ್ರೆ ಆಟಿ ತಿಂಗಳ ಮಳೆಯಲ್ಲಿ ಗೋಡೆ ಒದ್ದೆಯಾಗಿ ಅಲ್ಲಿಷ್ಟು ಇಲ್ಲಿಷ್ಟು ಲೀಕ್. ನಮ್ಮ ಸಂಬಂಧಿಕರ ಮನೆಯಲ್ಲೇ ಕೆಲಸದವ್ರು ಒಬ್ರು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಡಬ್ಬ ಮುಚ್ಚಿ ಹೋಗಿದ್ರು, ಟೆಸ್ಟ್ ಬಟನ್ ಒತ್ತಿದ್ರೆ ಸದ್ದೇ ಇಲ್ಲ, ಆ ಮನೆಯಲ್ಲಿ ಅಂಬೆಗಾಲಿಡುವ ಮಗು ಉಂಟು. ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಹಾಗಾದ್ರೆ ನೋಡುದು ಹೇಗೆ? ಮೆಗ್ಗರ್ ಹಾಕ್ಬೇಕು, ವೈರಿನ ಮೇಲಿನ ಹೊದಿಕೆಯಿಂದ ಕರೆಂಟು ಲೀಕ್ ಆಗ್ತದಾ ಅಂತ ಅಳೆಯುವ ಮೀಟರ್ ಅದು, ಮೆಗಾಓಮ್ ಜಾಸ್ತಿ ತೋರಿಸಿದಷ್ಟು ಒಳ್ಳೇದು. ಮೈನ್ ಆಫ್ ಮಾಡಿ, ಬಲ್ಬು, ಇನ್ವರ್ಟರ್, ಟಿವಿ ಎಲ್ಲಾ ತೆಗ್ದು, ಒಂದೊಂದೇ ಸರ್ಕ್ಯೂಟಿಗೆ 500 ವೋಲ್ಟ್ ಕೊಟ್ಟು ಅರ್ತಿಗೆ ಎಷ್ಟು ತೋರಿಸ್ತದೆ ಅಂತ ನೋಡುದು. 1 ಮೆಗಾಓಮ್‌ಗಿಂತ ಕೆಳಗೆ ಬಂದ್ರೆ ನಾನು ಆ ವೈರ್ ಇಡುದಿಲ್ಲ. ಮತ್ತೆ ಬೇಸಿಗೆಯಲ್ಲಿ ನೋಡಿ ಪಾಸ್ ಅಂತ ಹೇಳ್ಬೇಡಿ, ಎಪ್ರಿಲಲ್ಲಿ ಚಂದ ತೋರಿಸುವ ವೈರೇ ಜುಲೈಯಲ್ಲಿ ಕೈ ಕೊಡ್ತದೆ, ಹಾಗಾಗಿ ಮಳೆಗಾಲದಲ್ಲೇ ಮೆಗ್ಗರ್ ಹಾಕಿಸಿ.

ರಬ್ಬರ್ ವೈರ್ ಆದ್ರೆ ಟೆಸ್ಟ್ ಪಾಸಾದ್ರೂ ತೆಗೀರಿ. ಅಲ್ಯೂಮಿನಿಯಂ ವೈರ್ ಇದ್ರೆ ಅದನ್ನೂ ನಾನು ಇಡುದಿಲ್ಲ, ಅದನ್ನು ತಾಮ್ರಕ್ಕೆ ಸುತ್ತಿ ಟೇಪ್ ಹಾಕಿದ ಜಾಯಿಂಟು ನಮ್ಮ ಉಪ್ಪು ಗಾಳಿಗೆ ಬಿಳಿ ಪುಡಿ ಬಂದು, ಸಡಿಲ ಆಗಿ, ಸುಡ್ತದೆ. ಪಿವಿಸಿ ತಾಮ್ರದ ವೈರ್, ಬಗ್ಗಿಸಿದ್ರೆ ಬಿರುಕು ಬರುದಿಲ್ಲ, ಮೆಗ್ಗರೂ ಸರಿ ಉಂಟು ಅಂದ್ರೆ ಧೈರ್ಯದಲ್ಲಿ ಇಡಿ, ಸುಮ್ಮನೆ ದುಡ್ಡು ಹಾಳು ಮಾಡ್ಬೇಡಿ. ಹಳೇ ಫ್ಲಾಟಲ್ಲಿ ಗೋಡೆ ಒಳಗಿನ ಪೈಪ್ ಚೆನ್ನಾಗಿದ್ರೆ ಹಳೇ ವೈರಿನ ತುದಿಗೇ ಹೊಸತನ್ನು ಕಟ್ಟಿ ಎಳೀಬಹುದು, ಗೋಡೆ ಒಡಿಯುವ ಕೆಲಸ ಇಲ್ಲ.

ಅರ್ತಿಂಗ್ ಬಗ್ಗೆ ಒಂದು ಮಾತು. ಹಳೇ ಎರಡು ಪಿನ್ ಪ್ಲಗ್ ತೆಗ್ದು ಮೂರು ಪಿನ್ ಹಾಕಿ ಅರ್ತಿನ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸುದು ನಾನು ಎಷ್ಟೋ ಕಡೆ ನೋಡಿದ್ದೇನೆ. ಎಲ್ಲಾದ್ರೂ ಒಂದು ಕಡೆ ಆ ನ್ಯೂಟ್ರಲ್ ತುಂಡಾಯ್ತು ಅಂದ್ರೆ ಫ್ರಿಜ್ಜಿನ ಬಾಡಿಗೇ ಫೇಸ್ ಬರ್ತದೆ, ಒದ್ದೆ ಕಾಲಲ್ಲಿ ಬಾಗಿಲು ತೆಗಿಯುದು ಮನೆಯ ಹೆಂಗಸರು. ಬೋರ್ಡ್ ಬದಲಾಯಿಸುವ ದಿನವೇ ಹಸಿರು ವೈರ್ ಬೇರೆಯಾಗಿ ಎಳ್ದು ಅರ್ತ್ ಗುಂಡಿಯ ಪೈಪಿಗೆ ಮುಟ್ಟಿಸಿ, ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗ್ತದಲ್ಲಾ, ಆ ಗುಂಡಿಗೆ ಆಗಾಗ ಒಂದೆರಡು ಕೊಡಪಾನ ನೀರು ಹೊಯ್ಯಿರಿ.

ಆ ಮಲ್ಪೆ ಮನೆಯ ವೈರಿನ ತುಂಡು ತಂದಿದ್ದೇನೆ, ಅಲ್ಲಿ ಟೇಬಲ್ ಮೇಲೆ ಉಂಟು, ಪಕ್ಕದಲ್ಲಿ ಹೊಸ ವೈರಿನದ್ದೂ ಉಂಟು. ಬನ್ನಿ, ಎರಡನ್ನೂ ಕೈಯಲ್ಲಿ ಹಿಡ್ದು ಬಗ್ಗಿಸಿ ನೋಡಿ, ಆಮೇಲೆ ನಿಮ್ಮ ನಿಮ್ಮ ಮನೆ ಬೋರ್ಡಿನ ಬಗ್ಗೆ ಕೇಳಿ.