ರಸ್ತೆಯಂಚಿನ ಎರಡಡಿ

ನಮಸ್ಕಾರ ಕೇಳುಗರೇ. ಮನೆಯಲ್ಲಿ ಕೂತು ಕೇಳುತ್ತಿದ್ದೀರಿ ಅಂದರೆ ಸಂತೋಷ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರಸ್ತೆ ದಾಟುತ್ತಾ ಕೇಳುತ್ತಿದ್ದರೆ ಮಾತ್ರ, ದಯವಿಟ್ಟು ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಚೆ ಕಡೆ ಸೇರಿದ ಮೇಲೆ ಮಿಕ್ಕದ್ದು ಕೇಳುವಿರಂತೆ.

ಡಿಸೆಂಬರ್ ತಿಂಗಳು. ಬೆಂಗಳೂರಿನ ಬಸವನಗುಡಿ. ಗಾಂಧಿ ಬಜಾರಿನಲ್ಲಿ ಸೊಗಡವರೆಕಾಯಿ ರಾಶಿ ಬಿದ್ದಿತ್ತು. ಅದರ ವಾಸನೆ ಹಿಡಿದುಕೊಂಡೇ ನಾನು ಸೈಕಲ್ ತುಳಿಯುತ್ತಾ ಬರುತ್ತಿದ್ದೆ. ಮುಂದೆ ಜೀಬ್ರಾ ಪಟ್ಟೆ. ಒಬ್ಬರು ಅಜ್ಜಿ ವೈರ್ ಬುಟ್ಟಿ ಹಿಡಿದುಕೊಂಡು ದಾಟುತ್ತಿದ್ದರು. ನಡಿಗೆ ನಿಧಾನ, ಆದರೆ ಒಂದೇ ಹದ. ಅವರ ಬೆನ್ನ ಹಿಂದೆ ಜಾಗ ಇತ್ತು, ಅಲ್ಲೇ ನುಸುಳಿ ಹೋಗೋಣ ಅಂತ ಹ್ಯಾಂಡಲ್ ತಿರುಗಿಸಿದೆ. ಇರಲಿ, ಒಂದು ಮಾತು ತಿಳಿಸಿಬಿಡೋಣ ಅಂತ ಬೆಲ್ಲೂ ಹೊಡೆದೆ. ಟ್ರಿಣ್ ಟ್ರಿಣ್.

ಅಜ್ಜಿ ಬೆಚ್ಚಿದರು. ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕಿಟ್ಟರು. ನಾನು ಹೋಗಬೇಕಿದ್ದ ಜಾಗಕ್ಕೇ. ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ಆದರೆ ನಿಲ್ಲಬೇಕಾದ ಕಡೆ ಅಲ್ಲ. ಹ್ಯಾಂಡಲ್ಲಿನ ತುದಿ ಬುಟ್ಟಿಗೆ ಸಿಕ್ಕಿಕೊಂಡು ಅವರೆಕಾಯಿಯೆಲ್ಲ ರಸ್ತೆ ಮೇಲೆ ಚೆಲ್ಲಿತು. ಪುಣ್ಯಕ್ಕೆ ಅಜ್ಜಿಗೆ ಏಟಾಗಲಿಲ್ಲ.

"ಏನಪ್ಪಾ, ಕಣ್ಣು ಕಾಣಲ್ವಾ?"

"ಬೆಲ್ ಹೊಡೆದೆನಲ್ಲ ಅಜ್ಜಿ."

"ಹೊಡೆದ್ರೆ? ನಾನು ಹಾರಬೇಕಿತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂತು ಅವರೆಕಾಯಿ ಆರಿಸಿಕೊಟ್ಟೆ. ಅಷ್ಟರಲ್ಲಿ ಹಿಂದಿದ್ದ ಆಟೋದವರು ಹಾರನ್ ಹೊಡೆದು, ನಾಲ್ಕು ಕಾಯಿ ಅಪ್ಪಚ್ಚಿ ಮಾಡಿಕೊಂಡು ಹೋದರು. ಅದು ಬೇರೆ ವಿಷಯ. ಅಲ್ಲ, ಅದೇ ವಿಷಯ. ಆಮೇಲೆ ಬರುತ್ತೇನೆ.

ಸಂಜೆ ಸೈಕಲ್ ಶಾಪಿಗೆ ಹೋದೆ. ಶಾಪಿನವನು ಚಕ್ರ ಎತ್ತಿ ತಿರುಗಿಸಿದ. ಬ್ರೇಕ್ ಹಿಡಿದ. ಚಕ್ರ ಇನ್ನೆರಡು ಸುತ್ತು ಆರಾಮಾಗಿ ಸುತ್ತಿತು. ಬ್ರೇಕಿನ ರಬ್ಬರ್ ಸವೆದು ಬಿಲ್ಲೆಯಾಗಿತ್ತು. "ಬೆಲ್ ಚೆನ್ನಾಗಿದೆ ಸಾರ್," ಅಂದ. "ಬ್ರೇಕೇ ಇಲ್ಲ."

ಅವತ್ತಿನಿಂದ ದಾಟುವ ಕಡೆಗಳಲ್ಲಿ ಏನಾಗುತ್ತದೆ ಅಂತ ಗಮನಿಸುವ ಚಟ ಹತ್ತಿದೆ. ಸೈಕಲ್ಲಿನವರಿಗೂ ನಡೆಯುವವರಿಗೂ ದಿನಾ ಸಣ್ಣ ಸಣ್ಣ ಜಗಳ. ಎರಡು ಸೆಕೆಂಡಿನ ಜಗಳ. ಒಂದು ಬೈಗುಳ, ಒಂದು ಗುರಾಯಿಸುವ ನೋಟ, ಅಷ್ಟೇ. ನಾನು ಎರಡೂ ಕಡೆಯವನು. ಆಫೀಸಿಗೆ ಸೈಕಲ್, ಸಂಜೆ ಅಮ್ಮನ ಕೈ ಹಿಡಿದು ವಾಕಿಂಗ್. ಬೆಳಗ್ಗೆ ಬೈಸಿಕೊಳ್ಳುವವನೂ ನಾನೇ, ಸಂಜೆ ಬೈಯುವವನೂ ನಾನೇ.

ಸೈಕಲ್ಲಿನವನು ಯಾಕೆ ನಿಲ್ಲಿಸುವುದಿಲ್ಲ? ಸೊಕ್ಕು ಅಂತ ಹೇಳಿಬಿಡುವುದು ಸುಲಭ. ಒಂದು ಲೆಕ್ಕ ಕೇಳಿ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಸೈಕಲ್ಲನ್ನು ಪೂರ್ತಿ ನಿಲ್ಲಿಸಿ, ಮತ್ತೆ ಅದೇ ವೇಗಕ್ಕೆ ತರಲು ಬೇಕಾದ ಶಕ್ತಿ ಎಷ್ಟು ಗೊತ್ತಾ? ಸೈಕಲ್ ಸಮೇತ ಸುಮಾರು 90 ಸೆಂಟಿಮೀಟರ್ ಮೇಲಕ್ಕೆ ಹತ್ತಿದಷ್ಟು. ಅಂದರೆ ಅಡುಗೆಮನೆ ಕಟ್ಟೆಯ ಎತ್ತರ. ಹತ್ತು ಕಡೆ ನಿಲ್ಲಿಸಿದರೆ ಹತ್ತು ಸಲ ಕಟ್ಟೆ ಹತ್ತಿ ಇಳಿದ ಹಾಗೆ. ಕಾರಿನವರಿಗೆ ಪಾದ ಒತ್ತಿದರೆ ಮುಗಿಯಿತು. ಇವನಿಗೆ ಮಂಡಿ ಕೇಳಬೇಕು. ಹಿಂದೆ ಎರಡು ಎಳನೀರು ಗೊನೆ ಕಟ್ಟಿಕೊಂಡು ಹೋಗುವವನನ್ನು ನೆನೆಸಿಕೊಳ್ಳಿ. ಒಮ್ಮೆ ನಿಂತರೆ ಮತ್ತೆ ಹೊರಡಲು ಅವನು ಸೈಕಲ್ ತಳ್ಳಿಕೊಂಡು ನಾಲ್ಕು ಹೆಜ್ಜೆ ಓಡಿ ಹತ್ತಬೇಕು.

ಕೆಂಪು ದೀಪ ಹಾರಿಸಿ ಹೋಗುವುದಕ್ಕೂ ಇನ್ನೊಂದು ಕಾರಣ ಇದೆ, ಅದು ಹೆದರಿಕೆ. ಹಸಿರು ಬಿದ್ದ ತಕ್ಷಣ ಬೆನ್ನ ಹಿಂದೆ ಬಸ್ಸು, ಟೆಂಪೊ, ನಲವತ್ತು ಬೈಕು ಒಟ್ಟಿಗೆ ಹೊರಡುತ್ತವೆ. ಅವು ಹೊರಡುವ ಮೊದಲೇ ಜಂಕ್ಷನ್ ದಾಟಿಬಿಟ್ಟರೆ ಬಚಾವ್ ಅಂತ ಸೈಕಲ್ಲಿನವನಿಗೆ ಅನ್ನಿಸುತ್ತದೆ. ನನಗೂ ಅನ್ನಿಸಿದೆ. ಆದರೆ ಅದೇ ಹೊತ್ತಿಗೆ ನಡೆಯುವವರಿಗೆ ಹಸಿರು ಬೊಂಬೆ ಬಿದ್ದಿರುತ್ತದೆ. ಎಲ್ಲ ಗಾಡಿಗಳೂ ನಿಂತಿವೆ ಅಂತ ನಂಬಿ ಅವರು ಕಾಲಿಟ್ಟಿರುತ್ತಾರೆ. ಆ ನಿಂತ ಗಾಡಿಗಳ ಸಂದಿಯಿಂದ ಇವನು ಸದ್ದಿಲ್ಲದೆ ಬರುತ್ತಾನೆ.

ಸದ್ದಿಲ್ಲದೆ ಅನ್ನುವುದು ಮುಖ್ಯ. ನಮ್ಮಲ್ಲಿ ಅರ್ಧ ಜನ ರಸ್ತೆ ದಾಟುವುದು ಕಿವಿಯಿಂದ. ನೋಡುವುದು ಒಂದು ಕಡೆಗೆ, ಮಿಕ್ಕ ಕಡೆಗೆಲ್ಲ ಕಿವಿ. ಅಮ್ಮನಿಗೆ ಮಂಡಿ ನೋವು ಶುರುವಾದ ಮೇಲಂತೂ ಕಣ್ಣು ನೆಲದ ಮೇಲೇ ಇರುತ್ತದೆ, ಗುಂಡಿ ನೋಡಿಕೊಳ್ಳಬೇಕಲ್ಲ. ಬಸ್ಸಿನ ಗುರಗುರ ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಸೈಕಲ್ ಗೊತ್ತಾಗುವುದು ಅದು ಸೆರಗಿಗೆ ತಾಗಿದಾಗಲೇ. ಈಗ ಬಾಡಿಗೆಗೆ ಸಿಗುವ ಎಲೆಕ್ಟ್ರಿಕ್ ಬಂಡಿಗಳು ಬಂದಿವೆ. ಮೋಟಾರು 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಅಂಥ ಬಂಡಿಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಸೈಕಲ್ಲಿನಷ್ಟೇ ಮೌನ, ಸೈಕಲ್ಲಿಗಿಂತ ಜಾಸ್ತಿ ವೇಗ. ಊಟದ ಪೊಟ್ಟಣ ಹೊತ್ತ ಹುಡುಗರು ಅದರಲ್ಲಿ ಫುಟ್‌ಪಾತಿನ ಮೇಲೇ ಬಂದುಬಿಡುತ್ತಾರೆ. ಅವರಿಗೆ ನಿಮಿಷಕ್ಕೆ ಬೆಲೆ ಇದೆ. ಅಮ್ಮನಿಗೆ ಸೊಂಟಕ್ಕೆ ಬೆಲೆ ಇದೆ.

ಸಿಗ್ನಲ್ಲಿನ ಲೆಕ್ಕವನ್ನೂ ನೋಡಿ. ನಡೆಯುವವರು ಸೆಕೆಂಡಿಗೆ 1.2 ಮೀಟರ್ ಹೋಗುತ್ತಾರೆ ಅಂತ ಹಿಡಿದು ಸಮಯ ಇಡುವುದು ಸಾಮಾನ್ಯ ರೂಢಿ. 14 ಮೀಟರ್ ಅಗಲದ ರಸ್ತೆಗೆ 12 ಸೆಕೆಂಡ್ ಸಾಕು ಅಂತಾಯಿತು. ಅಮ್ಮನ ಜೊತೆ ನಾನು ಎಣಿಸಿ ನೋಡಿದ್ದೇನೆ. ಇಪ್ಪತ್ತು ಸೆಕೆಂಡ್ ಬೇಕು. ಅಂದರೆ ದೀಪ ಬದಲಾದಾಗ ಅಮ್ಮ ಇನ್ನೂ ಅರ್ಧ ದಾಟಿ ಒಂದಿಷ್ಟು ಮುಂದೆ ಇರುತ್ತಾರೆ, ಅಷ್ಟೇ. ಆಗ ಎಡಗಡೆ ಅಂಚಿನಲ್ಲಿ ಬರುವ ಸೈಕಲ್ಲಿನವನಿಗೆ ಅನ್ನಿಸುತ್ತದೆ, ಈಯಮ್ಮ ಕೆಂಪಿನಲ್ಲಿ ದಾಟುತ್ತಿದ್ದಾರೆ ಅಂತ.

ಈ ಅಂಚು ಇದೆಯಲ್ಲ, ನನ್ನ ಮಾತು ಇರುವುದೇ ಅಲ್ಲಿ. ಸೈಕಲ್ಲಿನವನು ರಸ್ತೆಯ ಎಡ ಅಂಚಿಗೆ ಒತ್ತಿಕೊಂಡೇ ಹೋಗಬೇಕು. ಒಳಗೆ ಬಂದರೆ ಬಸ್ಸು ಬಿಡುವುದಿಲ್ಲ. ದಾಟಲು ನಿಂತವರು ಫುಟ್‌ಪಾತಿನಿಂದ ಇಳಿದು ಕಾಯುವುದೂ ಅದೇ ಅಂಚಿನಲ್ಲಿ. ಮೇಲೆ ನಿಲ್ಲೋಣ ಅಂದರೆ ಅಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಬೈಕ್ ಇರುತ್ತದೆ, ಮರಳಿನ ಗುಡ್ಡೆ ಇರುತ್ತದೆ. ಜೊತೆಗೆ ಸಿಗ್ನಲ್ಲಿನಲ್ಲಿ ಬೈಕಿನವರು ಗೆರೆ ದಾಟಿ ಜೀಬ್ರಾ ಪಟ್ಟೆಯ ಮೇಲೇ ನಿಂತಿರುತ್ತಾರೆ. ನಡೆಯುವವರು ಅವರನ್ನು ಸುತ್ತಿ ಬರಬೇಕು, ಸುತ್ತಿ ಬಂದರೆ ಎದುರಿಗೆ ಸೈಕಲ್. ಇಷ್ಟು ದೊಡ್ಡ ರಸ್ತೆಯಲ್ಲಿ ಇಬ್ಬರಿಗೂ ಉಳಿದಿರುವುದು ಅದೇ ಎರಡಡಿ. ಅದಕ್ಕೇ ಜಗಳ. ಮಿಕ್ಕ ನಲವತ್ತಡಿ ಇಟ್ಟುಕೊಂಡವರು ಇಬ್ಬರನ್ನೂ ನೋಡಿ ಹಾರನ್ ಹೊಡೆಯುತ್ತಾರೆ.

ಅವರೆಕಾಯಿ ಅಪ್ಪಚ್ಚಿಯಾದದ್ದೂ ಹಾಗೇ, ಅಲ್ವಾ?

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಈ ಸಾವುಗಳಲ್ಲಿ ಬಹುಪಾಲಿಗೆ ಕಾರಣ ಮೋಟಾರು ಗಾಡಿಗಳೇ ಹೊರತು ಸೈಕಲ್ ಅಲ್ಲ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಂತ ಸೈಕಲ್ಲಿನವರು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಲಂಡನ್ನಿನಲ್ಲಿ ನಡೆದದ್ದು ಹೇಳುತ್ತೇನೆ. 2016ರ ಫೆಬ್ರವರಿ. ಓಲ್ಡ್ ಸ್ಟ್ರೀಟ್ ಅನ್ನುವ ರಸ್ತೆ. ಊಟದ ಬಿಡುವಿನಲ್ಲಿ ರಸ್ತೆ ದಾಟುತ್ತಿದ್ದ 44 ವರ್ಷದ ಹೆಂಗಸಿಗೆ ಹದಿನೆಂಟರ ಹುಡುಗನ ಸೈಕಲ್ ಗುದ್ದಿತು. ಅವರು ಉಳಿಯಲಿಲ್ಲ. ಆ ಸೈಕಲ್ಲಿಗೆ ಮುಂದಿನ ಬ್ರೇಕೇ ಇರಲಿಲ್ಲ. ಕೋರ್ಟಿನಲ್ಲಿ ಮರು ವರ್ಷ ಅವನಿಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಯಾವ ಕಾನೂನಿನಲ್ಲಿ ಗೊತ್ತಾ? 1861ರ ಕಾನೂನು. ಕುದುರೆ ಗಾಡಿಯನ್ನು ಮನಬಂದಂತೆ ಓಡಿಸುವವರಿಗೆ ಅನ್ವಯವಾಗುತ್ತಿದ್ದದ್ದು. ಆಗ ಇವತ್ತಿನ ರೂಪದ ಸೈಕಲ್ಲೇ ಹುಟ್ಟಿರಲಿಲ್ಲ. ಬೇರೆ ಸರಿಯಾದ ಕಾನೂನು ಸಿಗದೆ ಅದನ್ನೇ ದೂಳು ಕೊಡವಿ ತೆಗೆದರು. ಈ ಸುದ್ದಿ ಓದಿದಾಗ ನನಗೆ ನೆನಪಾದದ್ದು ಶಾಪಿನಲ್ಲಿ ಸುತ್ತುತ್ತಲೇ ಇದ್ದ ನನ್ನ ಚಕ್ರ.

ಬ್ರಿಟನ್ನಿನಲ್ಲಿ 2022ರ ಜನವರಿ 29ರಿಂದ ರಸ್ತೆ ನಿಯಮಗಳಲ್ಲಿ ಒಂದು ಮೆಟ್ಟಿಲು ಕಟ್ಟಿದ್ದಾರೆ. ಯಾರಿಂದ ಹೆಚ್ಚು ಅಪಾಯವೋ ಅವರ ಹೊಣೆ ಹೆಚ್ಚು. ಲಾರಿಯವರು ಎಲ್ಲರನ್ನೂ ನೋಡಿಕೊಳ್ಳಬೇಕು, ಕಾರಿನವರು ಸೈಕಲ್ಲಿನವರನ್ನು, ಸೈಕಲ್ಲಿನವರು ನಡೆಯುವವರನ್ನು. ಅಡ್ಡರಸ್ತೆಗೆ ತಿರುಗುವಾಗ ದಾಟುತ್ತಿರುವವರಿಗೆ ಮಾತ್ರವಲ್ಲ, ದಾಟಲು ಕಾಯುತ್ತಾ ನಿಂತವರಿಗೂ ದಾರಿ ಬಿಡಬೇಕು. ಸೈಕಲ್ಲಿನವರೂ ಬಿಡಬೇಕು. ನನಗೆ ಈ ಮೆಟ್ಟಿಲು ಒಪ್ಪಿಗೆ. ನಮ್ಮಲ್ಲೂ ಮೆಟ್ಟಿಲು ಇದೆ, ತಲೆಕೆಳಗಾಗಿ ಇದೆ ಅಷ್ಟೇ.

ನಮ್ಮಲ್ಲಿ ಮೊದಲು ಸೈಕಲ್ಲಿಗೂ ಶಿಸ್ತು ಇತ್ತು. ನಮ್ಮಪ್ಪನ ಸೈಕಲ್ಲಿಗೆ ಮುನಿಸಿಪಾಲಿಟಿಯ ಹಿತ್ತಾಳೆ ಬಿಲ್ಲೆ ಇತ್ತು, ವರ್ಷ ವರ್ಷ ಕಂದಾಯ ಕಟ್ಟಬೇಕು. ರಾತ್ರಿ ದೀಪ ಇಲ್ಲದೆ ಹೋದರೆ ಪೊಲೀಸಿನವರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರಂತೆ. ಡಬಲ್ ಹೋದರೂ ಅಷ್ಟೇ. ಹಿಂದೆ ಕೂತವರು ಪೊಲೀಸ್ ಕಂಡ ಕೂಡಲೇ ಹಾರಿ, ಏನೂ ಆಗದವರ ಹಾಗೆ ನಡೆಯುತ್ತಿದ್ದರು. ಸರ್ಕಲ್ ದಾಟಿದ ಮೇಲೆ ಮತ್ತೆ ಹತ್ತುವುದು. ಆ ಕಾಲ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ, ಗಾಳಿ ಬಿಡಿಸಿಕೊಂಡವರನ್ನು ಕೇಳಿ ನೋಡಿ. ಸೈಕಲ್ಲೂ ಒಂದು ಗಾಡಿ ಅಂತ ಆಗ ಎಲ್ಲರೂ ಒಪ್ಪಿಕೊಂಡಿದ್ದರು, ಅಷ್ಟೇ. ಈಗ ಸಿಗ್ನಲ್ಲಿನ ಕ್ಯಾಮೆರಾಗೂ ಸೈಕಲ್ ಲೆಕ್ಕಕ್ಕಿಲ್ಲ. ಕೆಂಪು ಮಾತ್ರ ಸೈಕಲ್ಲಿಗೂ ಕೆಂಪೇ.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ ಇದ್ದಿದ್ದಕ್ಕೇ ಹೈಸ್ಕೂಲ್ ಮುಗಿಸಿದರು. ಒಳ್ಳೆ ಕೆಲಸ. ಸೈಕಲ್ ಕೊಟ್ಟ ದಿನವೇ ಅರ್ಧ ಗಂಟೆ, ದಾಟುವ ಕಡೆ ಹೇಗೆ ನಿಲ್ಲಿಸಬೇಕು ಅಂತಲೂ ಹೇಳಿಕೊಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು.

ಕಾನೂನು ಪೂರ್ತಿ ಖಾಲಿ ಇದೆ ಅಂತಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದಾಗ 138(1ಎ) ಅಂತ ಒಂದು ಉಪಕಲಮು ಸೇರಿಸಿದರು. ಸೈಕಲ್ಲಿನಂಥ ಮೋಟಾರಿಲ್ಲದ ಗಾಡಿಗಳಿಗೂ ನಡೆಯುವವರಿಗೂ ರಾಜ್ಯಗಳು ನಿಯಮ ಮಾಡಬಹುದು ಅನ್ನುತ್ತದೆ ಅದು. ಮಾಡಿ ಅಂತ 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆರು ತಿಂಗಳ ಗಡುವನ್ನೂ ಕೊಟ್ಟಿತು.

ಪ್ರತ್ಯೇಕ ದಾರಿ ಮಾಡಿಕೊಟ್ಟರೆ ಸರಿಹೋಗುತ್ತದಲ್ಲ ಅಂತ ಕೇಳುತ್ತೀರಿ. ಮಾಡಿದ್ದಾರೆ. ಜಯನಗರದಲ್ಲಿ ಸೈಕಲ್ ಪಥ ಬಂತು, ಅದರ ಮೇಲೆ ಕಾರು ನಿಂತವು. ಕೊರೊನಾ ವರ್ಷ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಣ್ಣ ಕಂಬ ನೆಟ್ಟು ಸೈಕಲ್ಲಿಗೆ ದಾರಿ ಬಿಟ್ಟರು, ಅಲ್ಲಿ ಬೈಕುಗಳು ನುಗ್ಗಿದವು. ಇನ್ನೂ ಕೆಲವು ಕಡೆ ಫುಟ್‌ಪಾತಿನ ಪಕ್ಕದಲ್ಲೇ ಚೆಂದದ ಸೈಕಲ್ ದಾರಿ ಇದೆ. ಆದರೆ ಜಂಕ್ಷನ್ ಬಂದ ಕೂಡಲೇ ಅದು ಮಾಯ. ಎಲ್ಲಿ ಗಲಾಟೆ ಜಾಸ್ತಿಯೋ ಸರಿಯಾಗಿ ಅಲ್ಲಿ ಬಣ್ಣ ಮುಗಿದುಹೋಗುತ್ತದೆ. ದಾರಿ ತೀರಿದ ಸೈಕಲ್ಲಿನವನು ಎಲ್ಲಿಗೆ ಹೋಗುತ್ತಾನೆ? ಜೀಬ್ರಾ ಪಟ್ಟೆಗೆ. ಅಲ್ಲಿ ಅಜ್ಜಿ ಇರುತ್ತಾರೆ.

ಹಾಗಾಗಿ ಸದ್ಯಕ್ಕೆ ಲೆಕ್ಕ ಚುಕ್ತಾ ಮಾಡಬೇಕಾದದ್ದು ಸೈಕಲ್ಲಿನವನೇ ಅಂತ ನನ್ನ ತೀರ್ಮಾನ. ಅಡುಗೆಮನೆ ಕಟ್ಟೆಯಷ್ಟು ಶ್ರಮ ಹೌದು. ಆದರೂ ಅವನಿಗೆ ಅಜ್ಜಿ ಕಾಣುತ್ತಾರೆ, ಅಜ್ಜಿಗೆ ಅವನು ಕೇಳಿಸುವುದಿಲ್ಲ. 15 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ನಾಲ್ಕು ಮೀಟರ್. ಬ್ರೇಕ್ ಹಿಡಿಯಲಾ ಬೇಡವಾ ಅಂತ ಯೋಚಿಸುವಷ್ಟರಲ್ಲಿ ಒಂದೂವರೆ ಆಟೋ ಉದ್ದ ಮುಂದೆ ಹೋಗಿರುತ್ತಾನೆ. ಬೆಲ್ ಹೊಡೆಯುವುದಾದರೆ ದೂರದಲ್ಲೇ ಹೊಡೆಯಬೇಕು. ಹತ್ತಿರ ಬಂದು ಹೊಡೆಯುವ ಬೆಲ್ ಎಚ್ಚರಿಕೆಯಲ್ಲ, ಗದರಿಕೆ. ನಡೆಯುವವರಿಗೂ ಒಂದು ಮಾತು ಹೇಳಿಬಿಡುತ್ತೇನೆ: ಹಿಡಿದ ಹದದಲ್ಲೇ ನಡೆಯಿರಿ. ನೀವು ನಿಂತು, ಹಿಂದೆ ಸರಿದು, ಮತ್ತೆ ಮುಂದೆ ಬಂದರೆ ಎದುರಿನವನೂ ಹಾಗೇ ಮಾಡುತ್ತಾನೆ. ಬಾಗಿಲಲ್ಲಿ ಇಬ್ಬರು ಎದುರಾದಾಗ ಒಂದೇ ಕಡೆ ಸರಿದು ಸರಿದು ನಗುತ್ತೇವಲ್ಲ, ರಸ್ತೆಯಲ್ಲಿ ಅದು ನಗೆಯಾಗುವುದಿಲ್ಲ.

ಹೊಸ ರಬ್ಬರ್ ಹಾಕಿಸಿದ ಮೇಲೆ ನಾನು ಪಟ್ಟೆ ಕಂಡಲ್ಲೆಲ್ಲ ನಿಲ್ಲಿಸಿ ಕಾಲು ಊರುತ್ತೇನೆ. ಮೊನ್ನೆ ಅದೇ ಗಾಂಧಿ ಬಜಾರಿನಲ್ಲಿ ಹಾಗೇ ನಿಂತೆ. ಶಾಲೆಯ ಇಬ್ಬರು ಹುಡುಗಿಯರು ದಾಟಲು ಕಾಯುತ್ತಿದ್ದರು. ನಾನು ನಿಂತದ್ದು ನೋಡಿ ಅವರಿಗೇ ಅನುಮಾನ. ಒಬ್ಬಳು ಕೇಳಿದಳು, "ಅಂಕಲ್, ಚೈನ್ ಬಿತ್ತಾ?"

ಇಲ್ಲಮ್ಮ, ನೀವು ದಾಟಿ ಅಂದೆ. ಹಿಂದೆ ಸ್ಕೂಟರಿನವನು ಹಾರನ್ ಹೊಡೆದು, ನನ್ನ ಬಲಗಡೆಯಿಂದ ಮುಂದೆ ನುಗ್ಗಿದ. ಆ ಹುಡುಗಿ ಅವನ ಕಡೆ ಅಂಗೈ ಚಾಚಿದಳು, ಟ್ರಾಫಿಕ್ ಪೊಲೀಸಿನ ಹಾಗೆ. ಅವನು ನಿಂತ. ನಮಸ್ಕಾರ.