ಲಿನಕ್ಸಿಗೆ ಹೋದರೆ ನುಡಿ ಫೈಲುಗಳ ಗತಿ ಏನು?

ಕೇಳುಗರೇ, ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಹಳೆಯ ಕಂಪ್ಯೂಟರುಗಳು ಎಷ್ಟೋ ಇವೆ, ಅವಕ್ಕೆ ವಿಂಡೋಸ್ 11 ಹಿಡಿಸುವುದಿಲ್ಲ. ಹಾಗಂತ ಗುಜರಿಗೆ ಹಾಕಬೇಕಾಗಿಲ್ಲ. ವಿಂಡೋಸಿನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ ಲಿನಕ್ಸ್, ಅದನ್ನು ಹಾಕಬಹುದು. ಆದರೆ ಕಾಸರಗೋಡು ಕಡೆಯ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಡಿಟಿಪಿ ಅಂಗಡಿ ಇಟ್ಟವರಿಗೆ ಒಂದೇ ಚಿಂತೆ: ಈಗಿರುವ ಸಾಫ್ಟ್‌ವೇರಿಗೆ ಬದಲಿ ಯಾವುದು?

ಅರ್ಧ ಉತ್ತರ ನಿಮ್ಮ ಮನೆಯಲ್ಲೇ ಇರಬಹುದು. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಐಟಿ ಪಾಠ ಕಲಿಯುವುದು ಲಿನಕ್ಸಿನಲ್ಲೇ, ಕನ್ನಡ ಮಾಧ್ಯಮದವರೂ ಸೇರಿ. ವರ್ಡ್ ಬದಲು ಲಿಬ್ರೆಆಫೀಸ್, ಫೋಟೋಶಾಪ್ ಬದಲು ಜಿಂಪ್, ಕೋರೆಲ್‌ಡ್ರಾ ಬದಲು ಇಂಕ್‌ಸ್ಕೇಪ್. ಮಗಳನ್ನು ಕೇಳಿ, ತೋರಿಸಿಕೊಡುತ್ತಾಳೆ.

ನಿಜವಾದ ತಲೆನೋವು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳದ್ದು. ಬ್ರಹ್ಮಕಲಶೋತ್ಸವದ ಆಮಂತ್ರಣ, ಬಯಲಾಟದ ನೋಟೀಸು, ಸಂಘದ ವರದಿ, ಎಲ್ಲ ಅದರಲ್ಲೇ ಕೂತಿವೆ. ಹಳೆಯ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಇಟ್ಟಿದ್ದರು. ಫಾಂಟ್ ಇಲ್ಲದಿದ್ದರೆ ಪುಟವಿಡೀ ಏನೇನೋ ಗೀಚಿದಂತೆ ಕಾಣುತ್ತದೆ. ಆ ಫಾಂಟನ್ನು ಲಿನಕ್ಸಿಗೂ ಹಾಕಿಕೊಂಡರೆ ಓದಬಹುದು, ಸರಿ. ಆದರೆ ಅದೇ ಬರಹವನ್ನು ಮೊಬೈಲಿಗೆ ಕಳಿಸಿದರೆ ಮತ್ತೆ ಅದೇ ಗತಿ. ಅದಕ್ಕೇ ಯೂನಿಕೋಡಿಗೆ, ಅಂದರೆ ಮೊಬೈಲು, ಕಂಪ್ಯೂಟರು ಎಲ್ಲಕ್ಕೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಾಯಿಸಿಕೊಳ್ಳಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ. ತಪ್ಪು ನುಸುಳುವುದು ಅಲ್ಲೇ ಜಾಸ್ತಿ.

ಬೆರಳಿಗೆ ಹೊಸ ಅಭ್ಯಾಸ ಬೇಡ. ಲಿನಕ್ಸಿನಲ್ಲಿ ಟೈಪಿಂಗಿಗೆ ಇರುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ, ನುಡಿಯದ್ದೇ ವಿನ್ಯಾಸ. ಫಾಂಟಿಗೆ ಗುಬ್ಬಿ, ನವಿಲು, ನೋಟೋ ಇವೆ. ಆಮಂತ್ರಣಕ್ಕೆ ಬೇಕಾದ ಅಲಂಕಾರದ ಫಾಂಟುಗಳ ಆಯ್ಕೆ ಮಾತ್ರ ಕಡಿಮೆ. ಗಿರಾಕಿ ಅದನ್ನೇ ಕೇಳುತ್ತಾನೆ, ಏನು ಮಾಡುವುದು!

ಪುಟ ಜೋಡಿಸುವ ಪೇಜ್‌ಮೇಕರ್ ಜಾಗಕ್ಕೆ ಸ್ಕ್ರೈಬಸ್ ಇದೆ. 1.4ರಂಥ ಹಳೆಯ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಒಡೆದುಹೋಗುತ್ತಿತ್ತು. 2024ರಲ್ಲಿ ಬಂದ 1.6 ಹಾಕಿಕೊಳ್ಳಿ, ಬಣ್ಣದ ಮುದ್ರಣಕ್ಕೆ ಬೇಕಾದ ಸಿಎಂವೈಕೆ ಎಂಬ ನಾಲ್ಕು ಬಣ್ಣಗಳ ಪದ್ಧತಿಯೂ ಅದರಲ್ಲಿದೆ. ಪೇಜ್‌ಮೇಕರ್ 6, 7ರ ಫೈಲುಗಳನ್ನು ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ. ಪುಟ ಇದ್ದ ಹಾಗೇ ಬರುತ್ತದೆ ಅಂತ ಮಾತ್ರ ನಂಬಬೇಡಿ. ಮತ್ತೆ ಜೋಡಿಸುವ ಕೆಲಸ ಇದ್ದೇ ಇದೆ.

ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇರುವವರು ಅವಸರ ಮಾಡಬೇಡಿ. ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಲಿನಕ್ಸಿಗೆ ಇದೆಯಾ ಅಂತ ಮೊದಲು ಕಂಪೆನಿಯನ್ನು ವಿಚಾರಿಸಿ. ಇಲ್ಲದಿದ್ದರೆ ಆ ಕೆಲಸಕ್ಕೆ ವಿಂಡೋಸಿನ ಒಂದು ಕಂಪ್ಯೂಟರ್ ಬೇಕೇ ಬೇಕು. ಹಠಕ್ಕೆ ಎಲ್ಲವನ್ನೂ ಬದಲಿಸುವುದು ಸುಮ್ನೆ ತೊಂದರೆ.

ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಉಬುಂಟು ಎಂಬ ಲಿನಕ್ಸ್ ನಡೆಸಿ ನೋಡಬಹುದು. ಹಾರ್ಡ್‌ಡಿಸ್ಕಿನಲ್ಲಿರುವುದು ಹಾಗೇ ಇರುತ್ತದೆ. ಸಂತೆ ದಿನ ಬೇಡ, ಗಿರಾಕಿ ಕಡಿಮೆ ಇರುವ ದಿನ ನಿಮ್ಮದೇ ಒಂದು ನೋಟೀಸು ಅದರಲ್ಲಿ ತೆರೆಯಿರಿ, ನಾಲ್ಕು ಸಾಲು ಟೈಪ್ ಮಾಡಿ, ನಿಮ್ಮ ಪ್ರಿಂಟರಿನಲ್ಲೇ ಒಂದು ಪ್ರತಿ ತೆಗೆಯಿರಿ. ಪ್ರಿಂಟರ್ ಒಪ್ಪಿದರೆ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಬ್ಯಾಕಪ್ ತೆಗೆದು, ಆಮೇಲೆ ಇನ್‌ಸ್ಟಾಲ್ ಮಾಡಿ.

ನಮಸ್ಕಾರ.