ಬೆಕ್ಕಿನ ಮರಿಗೆ ಹೆಸರಿಡುವ ಮುನ್ನ ಮನೆಯವರೆಲ್ಲ ಒಮ್ಮೆ ಕೂಗಿ ನೋಡಿ

[ದೃಶ್ಯ: ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಮನೆ. ಜಗುಲಿಯ ಮೇಲೆ ಗೋಣಿಚೀಲ, ಅದರ ಮೇಲೆ ಎರಡು ತಿಂಗಳ ಬೆಕ್ಕಿನ ಮರಿ. ಬಿಳಿ ಮೈ, ಬೆನ್ನಿನ ಮೇಲೆ ಕಪ್ಪು ಮತ್ತು ಕೆಂಚು ಮಚ್ಚೆಗಳು, ಹಣೆಯ ಮೇಲೊಂದು ಕಪ್ಪು ಬೊಟ್ಟು.]

ನಿರೂಪಕಿ: ನಮಸ್ಕಾರ. ಕೋಲಾರ ಜಿಲ್ಲೆಯ ಈ ಮನೆಗೆ ಹೋದ ವಾರ ಈ ಮರಿ ಬಂದಿದೆ. ಹೆಸರು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಆಳಿಗೊಂದು ಹೆಸರು. ಮನೆಯ ಹುಡುಗ ‘ಟೈಗರ್’ ಎನ್ನುತ್ತಾನೆ, ಅವನ ತಂಗಿ ‘ಸ್ನೋಯಿ’ ಎನ್ನುತ್ತಾಳೆ, ಅಮ್ಮ ‘ಚಿನ್ನು’ ಎನ್ನುತ್ತಾರೆ. ಅಜ್ಜಿ ಮನೆಯೊಳಗೆ ಹೆಚ್ಚಾಗಿ ತೆಲುಗಿನಲ್ಲೇ ಮಾತನಾಡುವವರು, ಈ ಭಾಗದ ಎಷ್ಟೋ ಮನೆಗಳಲ್ಲಿ ಇರುವಂತೆ. ಅವರು ‘ಪಿಲ್ಲಿ’ ಎಂದು ಕರೆಯುತ್ತಾರೆ, ತೆಲುಗಿನಲ್ಲಿ ಹಾಗೆಂದರೆ ಬೆಕ್ಕು. ಒಬ್ಬೊಬ್ಬರು ಒಂದೊಂದು ಕೂಗಿದರೆ ಮರಿಗೆ ಯಾವುದೂ ತನ್ನದೆಂದು ತಿಳಿಯುವುದಿಲ್ಲ.

ಹೆಸರು ಹುಡುಕುವಾಗ ನಾವು ಸಾಮಾನ್ಯವಾಗಿ ಮರಿಯ ಮುಖ ನೋಡುತ್ತೇವೆ, ಬಣ್ಣ ನೋಡುತ್ತೇವೆ, ಮೊಬೈಲಿನಲ್ಲಿ ಪಟ್ಟಿ ತೆರೆಯುತ್ತೇವೆ. ನನ್ನ ಮಾತು ಇಷ್ಟೇ: ಬೆಕ್ಕಿನ ಹೆಸರನ್ನು ಕಣ್ಣಿನಿಂದ ಆರಿಸಬೇಡಿ. ಅದನ್ನು ಕೇಳುವ ಕಿವಿ ಮತ್ತು ಅದನ್ನು ಕೂಗುವ ಬಾಯಿಗಳು, ಇವೆರಡನ್ನೂ ಕೇಳಿ ಆರಿಸಿ.

[ದೃಶ್ಯ: ಮರಿಯ ಕಿವಿ ಹತ್ತಿರದಿಂದ. ಎಲ್ಲೋ ಪಾತ್ರೆಯ ಸದ್ದು. ಒಂದು ಕಿವಿ ಮಾತ್ರ ಆ ಕಡೆ ತಿರುಗುತ್ತದೆ.]

ಬೆಕ್ಕಿಗೆ ಹೆಸರು ಗೊತ್ತಾಗುತ್ತದೆಯೇ ಎಂದು ಅನುಮಾನಪಡುವವರು ಬಹಳ ಮಂದಿ. ನಾಯಿಯಾದರೆ ಓಡಿ ಬರುತ್ತದೆ, ಬೆಕ್ಕು ಕದಲುವುದೇ ಇಲ್ಲ ಎಂಬುದು ಅವರ ವಾದ. ಇದನ್ನು ಜಪಾನಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಟೋಕಿಯೊದ ಸೋಫಿಯಾ ವಿಶ್ವವಿದ್ಯಾಲಯದ ಅತ್ಸುಕೊ ಸೈಟೊ ಮತ್ತು ಅವರ ಸಹೋದ್ಯೋಗಿಗಳು 2019ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಅವರು ಮಾಡಿದ್ದು ಹೀಗೆ. ಬೆಕ್ಕಿನ ಹೆಸರಿನಷ್ಟೇ ಉದ್ದದ ನಾಲ್ಕು ಪದಗಳನ್ನು ಒಂದೊಂದಾಗಿ, ಒಂದೇ ಧಾಟಿಯಲ್ಲಿ ಕೇಳಿಸಿದರು. ಮೊದಲ ಪದಕ್ಕೆ ಬೆಕ್ಕು ಕಿವಿ ತಿರುಗಿಸುತ್ತದೆ, ಬರಬರುತ್ತಾ ಆಸಕ್ತಿ ಕಡಿಮೆಯಾಗುತ್ತದೆ. ಐದನೆಯದಾಗಿ ಅದರ ಹೆಸರು ಬಂದಾಗ ಅನೇಕ ಬೆಕ್ಕುಗಳು ಮತ್ತೆ ಕಿವಿ ನಿಮಿರಿಸಿದವು, ತಲೆ ತಿರುಗಿಸಿದವು. ಇದು ಮನೆಯವರ ದನಿಗಷ್ಟೇ ಸೀಮಿತವಾಗಿರಲಿಲ್ಲ, ಅಪರಿಚಿತರ ದನಿಯಲ್ಲಿ ಕೇಳಿಸಿದಾಗಲೂ ಮನೆಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಪದಗಳಿಂದ ಬಿಡಿಸಿಕೊಂಡವು.

ಆದ್ದರಿಂದ ನಿಮ್ಮ ಬೆಕ್ಕು ಎದ್ದು ಬರಲಿಲ್ಲವೆಂದು ಬೇಸರಪಡಬೇಡಿ. ಕಿವಿಯನ್ನು ನೋಡಿ. ಉತ್ತರ ಅಲ್ಲಿರುತ್ತದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ, ನನಗೆ ಇದೇ ಹೆಚ್ಚು ಮುಖ್ಯವೆನಿಸುತ್ತದೆ. ಹತ್ತಾರು ಬೆಕ್ಕುಗಳು ಒಟ್ಟಿಗಿರುವ ಕೆಫೆಯೊಂದರ ಬೆಕ್ಕುಗಳನ್ನೂ ಅವರು ಪರೀಕ್ಷಿಸಿದರು. ಅಲ್ಲಿನ ಬೆಕ್ಕುಗಳು ತಮ್ಮ ಹೆಸರಿಗೂ ಜೊತೆಯ ಬೆಕ್ಕಿನ ಹೆಸರಿಗೂ ವ್ಯತ್ಯಾಸ ತೋರಿಸಲಿಲ್ಲ. ಗಿರಾಕಿಗಳು ಬಂದು ಯಾವ ಹೆಸರನ್ನೋ ಕೂಗುತ್ತಾರೆ, ಯಾವ ಬೆಕ್ಕನ್ನೋ ಸವರುತ್ತಾರೆ. ಹಾಗಾಗಿ ಹೆಸರಿಗೂ ತನಗೂ ಇರುವ ನಂಟು ಅಲ್ಲಿ ಗಟ್ಟಿಯಾಗುವುದು ಕಷ್ಟ. ಹೆಸರು ಬೆಕ್ಕಿಗೆ ಅರ್ಥವಾಗಬೇಕಾದರೆ ಆ ಸದ್ದಿನ ಹಿಂದೆಯೇ ಅದಕ್ಕೆ ಏನೋ ಒಂದು ಸಿಗಬೇಕು: ತುತ್ತು, ಸವರುವ ಕೈ, ಆಟ. ಸದ್ದು ಮಾತ್ರ ಬಂದು ಏನೂ ಸಿಗದಿದ್ದರೆ ಬೆಕ್ಕು ಆ ಸದ್ದನ್ನು ಲೆಕ್ಕಕ್ಕಿಡುವುದಿಲ್ಲ.

[ದೃಶ್ಯ: ಅಡುಗೆಮನೆ. ಅಮ್ಮ ಮುದ್ದೆ ಕಟ್ಟುತ್ತಿದ್ದಾರೆ.]

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಡೆಯ ಹೆಸರುಗಳನ್ನು ನೋಡೋಣ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕಂದುಬಣ್ಣದ ಮರಿ ಕಂಡರೆ ‘ರಾಗಿ’ ಎಂದು ಹೆಸರಿಡುವ ಆಸೆ ಯಾರಿಗಾದರೂ ಬರುತ್ತದೆ. ಎರಡೇ ಅಕ್ಷರ, ಕೇಳಲು ಇಂಪು, ನಮ್ಮ ನೆಲದ್ದು. ಆದರೆ ಈ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ‘ರಾಗಿ’ ಎನ್ನುತ್ತಾರೆ ಎಂದು ಯೋಚಿಸಿ. ರಾಗಿ ಬೀಸಿಸಬೇಕು, ರಾಗಿಹಿಟ್ಟು ಎಲ್ಲಿದೆ, ರಾಗಿ ಗಂಜಿ ಕುಡಿ, ಈ ಸಲ ರಾಗಿಗೆ ಬೆಲೆ ಎಷ್ಟು. ಮರಿ ಒಂದೆರಡು ದಿನ ಪ್ರತಿ ಸಲವೂ ತಲೆಯೆತ್ತಿ ನೋಡುತ್ತದೆ. ತನಗೆ ಏನೂ ಬರುವುದಿಲ್ಲವೆಂದು ತಿಳಿದ ಮೇಲೆ ಸುಮ್ಮನಾಗುತ್ತದೆ. ಆಮೇಲೆ ನೀವು ನಿಜವಾಗಿ ಕರೆದರೂ ತಿರುಗುವುದಿಲ್ಲ. ರಾಗಿ ಹೆಚ್ಚು ಬಳಸದ ಮನೆಗೆ ಅದು ಒಳ್ಳೆಯ ಹೆಸರು. ರಾಗಿ ಉಣ್ಣುವ ಮನೆಗೆ ಬೇಡ.

‘ಚಿನ್ನು’ ಕೂಡ ಹಾಗೆಯೇ. ಚಿನ್ನದ ಗಣಿಯಿದ್ದ ಜಿಲ್ಲೆ, ಮೈಮೇಲೆ ಹೊಂಬಣ್ಣ, ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ಆದರೆ ಚಿನ್ನು, ಪುಟ್ಟ, ಬಂಗಾರ, ಕಂದ, ಈ ಮಾತುಗಳನ್ನು ನಾವು ಮಕ್ಕಳಿಗೆ ದಿನವಿಡೀ ಹೇಳುತ್ತಿರುತ್ತೇವೆ. ಮಗಳನ್ನು ಊಟಕ್ಕೆ ಕರೆದಾಗ ಬೆಕ್ಕೂ ಬರಬಹುದು. ಎರಡು ಸಲ ಬಂದು ಬೈಸಿಕೊಂಡರೆ ಮೂರನೆಯ ಸಲ ಬರುವುದಿಲ್ಲ.

[ದೃಶ್ಯ: ಜಗುಲಿಯಲ್ಲಿ ಮನೆಯವರೆಲ್ಲ. ಮಧ್ಯದಲ್ಲಿ ಮರಿ.]

ಈಗ ಬಾಯಿಗಳ ವಿಚಾರ. ಆರಿಸಿದ ಹೆಸರನ್ನು ಮನೆಯ ಅತಿ ಹಿರಿಯರ ಬಾಯಲ್ಲಿ ಮತ್ತು ಅತಿ ಕಿರಿಯರ ಬಾಯಲ್ಲಿ ಒಮ್ಮೆ ಕೇಳಲೇಬೇಕು. ಕೇಳೋಣ.

ನಿರೂಪಕಿ: ಅಜ್ಜೀ, ಮೊಮ್ಮಗಳು ಇಟ್ಟ ಹೆಸರು ಕೂಗಿ ನೋಡುತ್ತೀರಾ?

ಅಜ್ಜಿ: ಸುನಾಯಿ... ಸಿನೋಯಿ... ನನ್ನ ಬಾಯಿಗೆ ಅದು ತಿರುಗುವುದಿಲ್ಲ ತಾಯಿ. ಅವಳು ಬೇಕಾದರೆ ಕರೆಯಲಿ, ನಾನು ಪಿಲ್ಲಿ ಎಂದೇ ಕರೆಯುತ್ತೇನೆ.

ನಿರೂಪಕಿ: ಹಗಲೆಲ್ಲ ಮರಿಯ ಜೊತೆ ಇರುವವರು ಯಾರಜ್ಜಿ?

ಅಜ್ಜಿ: ನಾನೇ. ಇವರೆಲ್ಲ ಇಸ್ಕೂಲು, ತೋಟ ಎಂದು ಹೋಗುತ್ತಾರಲ್ಲ.

ನಿರೂಪಕಿ: ನೋಡಿದಿರಲ್ಲ. ಮರಿ ಹೆಚ್ಚು ಹೊತ್ತು ಯಾರ ದನಿ ಕೇಳುತ್ತದೆಯೋ ಅವರ ನಾಲಿಗೆಗೆ ಹೆಸರು ಸಲೀಸಾಗಿರಬೇಕು. ‘ಹ’ ಕೆಲವರ ಬಾಯಲ್ಲಿ ‘ಅ’ ಆಗುತ್ತದೆ, ‘ಶ’ ‘ಸ’ ಆಗುತ್ತದೆ, ಮಹಾಪ್ರಾಣ ಹಗುರವಾಗುತ್ತದೆ. ಅದು ಆಡುಮಾತಿನ ಸಹಜ ನಡೆ, ತಿದ್ದಲು ಹೋಗಬೇಡಿ. ಬದಲಾಗದ ಅಕ್ಷರಗಳನ್ನು ಆರಿಸಿ: ಕ, ಚ, ಟ, ಪ, ಮ, ರ. ಹಂಸ, ಖುಷಿ, ಶಿಂಷಾ ಚೆಂದದ ಹೆಸರುಗಳೇ, ಆದರೆ ಒಂದೇ ಮನೆಯಲ್ಲಿ ಅವು ಎರಡೆರಡು ಹೆಸರುಗಳಾಗಿ ಮರಿಯ ಕಿವಿಗೆ ಬೀಳಬಹುದು.

ಹುಡುಗನ ‘ಟೈಗರ್’ ವ್ಯಂಜನದಲ್ಲಿ ನಿಲ್ಲುತ್ತದೆ. ಹತ್ತಿರದಲ್ಲಿದ್ದಾಗ ‘ಟೈಗರ್’, ಹಿತ್ತಲಿನಿಂದ ಕೂಗಿದಾಗ ‘ಟೈಗರೂ’. ಕೂಗುವಾಗ ಕೊನೆಯ ಸ್ವರವನ್ನು ಎಳೆಯುವುದು ನಮ್ಮೆಲ್ಲರ ಅಭ್ಯಾಸ, ಹಾಗಾಗಿ ಸ್ವರದಲ್ಲಿ ಮುಗಿಯುವ ಹೆಸರಾದರೆ ಎಳೆದರೂ ಅದರ ಆಕಾರ ಕೆಡುವುದಿಲ್ಲ. ಎರಡಕ್ಷರ ಸಾಕು, ಮೂರು ಬಂದರೂ ಸರಿ. ನಾಲ್ಕೈದು ಅಕ್ಷರದ ಹೆಸರಿಟ್ಟರೆ ವಾರದೊಳಗೆ ಮನೆಯವರೇ ಅದನ್ನು ಕತ್ತರಿಸುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ಕಡೆ.

ಹೆಸರು ‘ಇ’ ಕಾರದಲ್ಲೇ ಮುಗಿಯಬೇಕು, ಬೆಕ್ಕಿಗೆ ತೆಳುವಾದ ದನಿಯೇ ಇಷ್ಟ ಎಂದು ಅನೇಕರು ಹೇಳುತ್ತಾರೆ. ಬೆಕ್ಕಿನ ಕಿವಿ ತುಂಬ ಚುರುಕು ಎಂಬುದು ನಿಜ. ನಮಗೆ ಹೆಚ್ಚೆಂದರೆ 20,000 ಹರ್ಟ್ಸ್ ವರೆಗಿನ ಸದ್ದು ಕೇಳಿಸಿದರೆ, ಅದಕ್ಕೆ ಸುಮಾರು 85,000 ಹರ್ಟ್ಸ್ ವರೆಗೆ ಕೇಳಿಸುತ್ತದೆ. ಇಲಿಮರಿಗಳ ಸಣ್ಣ ಕೀಚಲು ನಮಗೆ ಕೇಳಿಸದಿದ್ದರೂ ಅದಕ್ಕೆ ಸ್ಪಷ್ಟ. ಆದರೆ ನಮ್ಮ ಬಾಯಿಂದ ಬರುವ ಯಾವ ಸ್ವರವೂ ಅದರ ಕಿವಿಗೆ ಕಷ್ಟವಲ್ಲ. ‘ಇ’ ಇರಲಿ, ‘ಉ’ ಇರಲಿ, ಮನೆಯವರೆಲ್ಲ ಒಂದೇ ರೀತಿ ಹೇಳುವುದು ಮುಖ್ಯ.

ಅಮ್ಮನಿಗೆ ಇನ್ನೊಂದು ಹೆಸರು ಹೊಳೆಯಿತು: ‘ಜಾಜಿ’. ಕನ್ನಡಕ್ಕೂ ತೆಲುಗಿಗೂ ಒಂದೇ ಹೂವು, ಒಂದೇ ಹೆಸರು, ಎರಡೇ ಅಕ್ಷರ. ನನಗೂ ಬಹಳ ಹಿಡಿಸಿತು. ಮೊಮ್ಮಗಳು ಹಿತ್ತಲಿಗೆ ಹೋಗಿ ಕೂಗಿದಳು.

[ಹಿತ್ತಲಿನಿಂದ ಮಗುವಿನ ದನಿ: ಜಾಜೀ...!]

ಅಜ್ಜಿ: ಬಂದೆ ಕಣಮ್ಮಾ, ಏನು ಬೇಕು?

ನಿರೂಪಕಿ: ‘ಅಜ್ಜೀ’ ಎಂದು ದಿನವಿಡೀ ಕೂಗುವ ಮನೆಯಲ್ಲಿ ‘ಜಾಜೀ’ ನಿಲ್ಲುವುದಿಲ್ಲ. ಅಜ್ಜಿಗೇ ವ್ಯತ್ಯಾಸ ತಿಳಿಯದಿದ್ದರೆ ಮರಿಗೆ ಹೇಗೆ ತಿಳಿದೀತು? ಕಾಗದದ ಮೇಲೆ ಬರೆದು ನೋಡಿದರೆ ಈ ತೊಂದರೆ ಎಂದೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಹೇಳುವುದು, ಕೂಗಿ ನೋಡಿ.

ಮನೆಯೊಳಗಿನ ಮಾತಾಯಿತು, ಬೀದಿಯನ್ನೂ ಯೋಚಿಸಬೇಕು. ಪಕ್ಕದ ಮನೆಯವರ ಹೆಸರು, ಬೀಗರ ಹೆಸರು ಬೆಕ್ಕಿಗೆ ಇಡಬೇಡಿ. ತೀರಿಕೊಂಡ ಹಿರಿಯರ ಹೆಸರನ್ನು ನಾಲಿಗೆಯ ಮೇಲೆ ತಾರದ ಸೊಸೆಯಂದಿರು ಇನ್ನೂ ಎಷ್ಟೋ ಮನೆಗಳಲ್ಲಿದ್ದಾರೆ. ಆ ಹೆಸರಿಟ್ಟರೆ ಅವರು ಬೆಕ್ಕನ್ನು ಕರೆಯಲಾರರು. ದೇವರ ಹೆಸರು ನಿಮಗೆ ಪ್ರೀತಿಯದಿರಬಹುದು, ಆದರೆ ಹಾಲಿನ ಪಾತ್ರೆ ಉರುಳಿಸಿದ ದಿನ ಆ ಹೆಸರಿನ ಜೊತೆ ಯಾವ ಮಾತು ಬರುತ್ತದೆಂದು ಮೊದಲೇ ಯೋಚಿಸಿಕೊಳ್ಳಿ. ಇನ್ನು ‘ಕರಿಯ’, ‘ಕರಿ’ ಎಂಬ ಹೆಸರುಗಳು. ಶಾಲೆಯಲ್ಲಿ ಅದೇ ಮಾತನ್ನು ಕೇಳಿ ಅತ್ತು ಬಂದ ಮಗು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರಬಹುದು. ಕಪ್ಪು ಮರಿಗೆ ಮೋಡ ಎನ್ನಿ, ನೇರಳೆ ಎನ್ನಿ, ಇರುಳಿ ಎನ್ನಿ. ಯಾರನ್ನಾದರೂ ಹೀಯಾಳಿಸಲು ಇಡುವ ಹೆಸರಂತೂ ಬೇಡವೇ ಬೇಡ.

[ದೃಶ್ಯ: ಮರಿಯ ಬೆನ್ನಿನ ಮೂರು ಬಣ್ಣಗಳು ಹತ್ತಿರದಿಂದ.]

ಗಂಡೋ ಹೆಣ್ಣೋ? ಚಿಕ್ಕ ಮರಿಗಳಲ್ಲಿ ಗುರುತಿಸುವುದು ಸುಲಭವಲ್ಲ, ಆದರೆ ಈ ಮರಿಯ ಬೆನ್ನು ಉತ್ತರ ಹೇಳುತ್ತಿದೆ. ಕಪ್ಪು ಮತ್ತು ಕೆಂಚು ಎರಡೂ ಒಂದೇ ಮೈಮೇಲಿದ್ದರೆ ಅದು ಬಹುಪಾಲು ಹೆಣ್ಣು. ಕೆಂಚು ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದರಲ್ಲಿ ಕೆಂಚು, ಇನ್ನೊಂದರಲ್ಲಿ ಕಪ್ಪು ಇರಬಹುದು. ಮೈಯ ಒಂದೊಂದು ಜಾಗದ ಜೀವಕೋಶಗಳಲ್ಲಿ ಒಂದೊಂದು ಎಕ್ಸ್ ಕೆಲಸ ಮಾಡುವುದರಿಂದ ಹೀಗೆ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಗಂಡಿಗೆ ಒಂದೇ ಎಕ್ಸ್, ಹಾಗಾಗಿ ಎರಡರಲ್ಲಿ ಒಂದೇ ಬಣ್ಣ. ಪೂರ್ತಿ ಕೆಂಚು ಬೆಕ್ಕುಗಳಲ್ಲಿ ಗಂಡೇ ಹೆಚ್ಚಿರುವುದೂ ಇದೇ ಕಾರಣಕ್ಕೆ. ಆ ಜೀನ್ ಯಾವುದೆಂದು ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಎರಡು ತಂಡಗಳು 2025ರಲ್ಲಿ ಪ್ರಕಟಿಸಿದವು.

ಕಣ್ಣಿನ ಬಣ್ಣ ನೋಡಿ ‘ನೀಲಿ’ ಎಂದು ಹೆಸರಿಡಲು ಆತುರ ಬೇಡ. ಮರಿಗಳೆಲ್ಲ ನೀಲಿಗಣ್ಣಿನಲ್ಲೇ ಹುಟ್ಟುತ್ತವೆ, ಹೆಚ್ಚಿನವಕ್ಕೆ ಒಂದೂವರೆ ಎರಡು ತಿಂಗಳಿಂದ ಬಣ್ಣ ಬದಲಾಗುತ್ತಾ ಬಂದು ಹಸಿರೋ ಹಳದಿಯೋ ಆಗುತ್ತದೆ. ಬೆಳೆದ ಮೇಲೂ ಕಣ್ಣು ನೀಲಿ, ಮೈ ಪೂರ್ತಿ ಬಿಳಿ ಇರುವ ಬೆಕ್ಕುಗಳಲ್ಲಿ ಕಿವುಡು ಹೆಚ್ಚು. ಹಿಂದಿನಿಂದ ಬೀಗದ ಕೈಗಳ ಗೊಂಚಲು ಅಲುಗಿಸಿದರೂ ಅದು ತಿರುಗದಿದ್ದರೆ ಹೆಸರಿನ ಜೊತೆಗೆ ಒಂದು ಕೈಸನ್ನೆಯನ್ನೂ ರೂಢಿ ಮಾಡಿ.

[ದೃಶ್ಯ: ಮತ್ತೆ ಜಗುಲಿ. ಅಜ್ಜಿ ಮರಿಯ ಹಣೆಯ ಬೊಟ್ಟನ್ನು ಸವರುತ್ತಾರೆ.]

ಅಜ್ಜಿ: ಹಣೆಯಲ್ಲಿ ಚುಕ್ಕಿ ಇಟ್ಟುಕೊಂಡೇ ಬಂದಿದೆಯಲ್ಲ ಇದು.

ನಿರೂಪಕಿ: ಚುಕ್ಕಿ! ತೆಲುಗಿನಲ್ಲಿ ಚುಕ್ಕ, ಹಾಗಾಗಿ ಅಜ್ಜಿಯ ನಾಲಿಗೆಗೆ ಹೊಸದಲ್ಲ. ಎರಡಕ್ಷರ, ನಡುವೆ ಗಟ್ಟಿಯಾದ ಒತ್ತು, ಕೊನೆಗೆ ಎಳೆಯಲು ಸ್ವರ. ರಂಗೋಲಿ ಹಾಕುವಾಗ ಬಿಟ್ಟರೆ ಮನೆಯಲ್ಲಿ ಯಾರೂ ಆ ಮಾತು ಆಡುವುದಿಲ್ಲ. ಹುಡುಗನೂ ಕೂಗಿದ, ತಂಗಿಯೂ ಕೂಗಿದಳು, ಎಲ್ಲರ ಬಾಯಲ್ಲೂ ಒಂದೇ ಸದ್ದು. ತೀರ್ಮಾನವಾಯಿತು.

[ದೃಶ್ಯ: ಚಿಕ್ಕ ಬಟ್ಟಲಲ್ಲಿ ಬೇಯಿಸಿದ ಕೋಳಿಮಾಂಸದ ಚೂರುಗಳು.]

ಕಲಿಸುವುದು ಹೀಗೆ. ಹಸಿವಿರುವ ಹೊತ್ತಿನಲ್ಲಿ ಮರಿಯ ಹತ್ತಿರ ಕುಳಿತು ಮೆಲ್ಲಗೆ ಒಂದೇ ಸಲ ‘ಚುಕ್ಕಿ’ ಎನ್ನಿ, ಆ ಕ್ಷಣವೇ ಒಂದು ಚೂರು ಕೊಡಿ. ಮತ್ತೆ ಸ್ವಲ್ಪ ತಡೆದು ಇನ್ನೊಮ್ಮೆ. ಐದಾರು ಸಲಕ್ಕೆ ನಿಲ್ಲಿಸಿ. ಮುಂದಿನ ದಿನಗಳಲ್ಲಿ ಎರಡು ಹೆಜ್ಜೆ ದೂರದಿಂದ, ಆಮೇಲೆ ಇನ್ನೊಂದು ಕೋಣೆಯಿಂದ ಕರೆಯಿರಿ. ಉತ್ತರ ಬರಲಿಲ್ಲವೆಂದು ಚುಕ್ಕಿ ಚುಕ್ಕಿ ಚುಕ್ಕಿ ಎಂದು ಒಂದೇ ಸಮನೆ ಕೂಗಬೇಡಿ, ಹಾಗೆ ಮಾಡಿದರೆ ಹೆಸರು ಸವೆಯುತ್ತದೆ. ಚೂರುಗಳನ್ನು ಸಾರಿನಿಂದ ಎತ್ತಿ ಕೊಡಬೇಡಿ. ಈರುಳ್ಳಿ ಮತ್ತು ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತವೆ. ಉಪ್ಪು, ಮಸಾಲೆ ಹಾಕದೆ ಬರೀ ನೀರಿನಲ್ಲಿ ಬೇಯಿಸಿ.

ಮನೆಯಲ್ಲಿ ಆಗಲೇ ಒಂದು ಬೆಕ್ಕಿದ್ದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕಲಿಸಿ. ಹೆಸರುಗಳೂ ದೂರ ದೂರವಿರಲಿ: ಚುಕ್ಕಿಯ ಜೊತೆಗೆ ಮೋಡ ಸರಿ, ಚಿಕ್ಕಿ ಬೇಡ. ಬೆಳೆದ ಬೆಕ್ಕು ಹಳೆಯ ಹೆಸರಿನೊಂದಿಗೆ ಬಂದಿದ್ದರೆ ಕೆಲವು ದಿನ ಎರಡನ್ನೂ ಸೇರಿಸಿ ಕರೆದು, ಆಮೇಲೆ ಹಳೆಯದನ್ನು ಬಿಡಬಹುದು.

ಕೊನೆಯದಾಗಿ ಒಂದು ಕೇಳಿಕೆ. ಬೈಯುವಾಗ ಹೆಸರು ಹಿಡಿಯಬೇಡಿ. ಮೇಜು ಹತ್ತಿದರೆ ‘ಏಯ್’ ಸಾಕು. ಚುಕ್ಕಿಗೆ ಇನ್ನೊಂದು ತಿಂಗಳಲ್ಲಿ, ಹನ್ನೆರಡು ವಾರ ತುಂಬಿದಾಗ, ರೇಬೀಸ್ ಲಸಿಕೆ ಹಾಕಿಸಬೇಕು. ಪಶು ಆಸ್ಪತ್ರೆಯ ಕಾರ್ಡಿನಲ್ಲಿ ಎಲ್ಲರೂ ಕರೆಯುವ ಹೆಸರನ್ನೇ ಬರೆಸಿ. ಆದರೆ ಆ ಬೆಳಿಗ್ಗೆ ಹೆಸರು ಕೂಗಿ ಕರೆದು ಬುಟ್ಟಿಗೆ ಹಾಕಬೇಡಿ. ಮರಿ ಇರುವಲ್ಲಿಗೆ ನೀವೇ ಹೋಗಿ ಸುಮ್ಮನೆ ಎತ್ತಿಕೊಳ್ಳಿ. ಲಸಿಕೆಗೆ ಹೋಗುವ ಮುನ್ನ ಬುಟ್ಟಿಯನ್ನು ರೂಢಿ ಮಾಡಿಸುವುದು ಹೇಗೆಂದು ಮುಂದಿನ ವಿಡಿಯೋದಲ್ಲಿ ಇದೇ ಮನೆಯಿಂದ ತೋರಿಸುತ್ತೇನೆ.